ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ ಮತ್ತು ಲಂಡನ್ನಿನ ಹಾಲಿನವನು

ನಮ್ಮ ಮನೆಯ ಗೋಡೆ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ. ಕೆಟ್ಟು ಮುಂದೆ ಹೋದದ್ದಲ್ಲ, ನಾನೇ ಕುರ್ಚಿ ಹತ್ತಿ ಮುಂದಿಟ್ಟದ್ದು. ಮೊನ್ನೆ ಕರೆಂಟಿನ ಮೀಟರ್ ನೋಡಲು ಬಂದವರೊಬ್ಬರು ಅದನ್ನು ಕಂಡು "ಅಯ್ಯೋ, ಇಷ್ಟು ಹೊತ್ತಾಯ್ತಾ!" ಎಂದು ಕೊಟ್ಟ ನೀರನ್ನೂ ಕುಡಿಯದೆ ಓಡಿದರು. ಹಿಂದಿನಿಂದ ಕೂಗಿ ಹೇಳೋಣವೆಂದರೆ ಅಷ್ಟರಲ್ಲಿ ಗೇಟು ದಾಟಿದ್ದರು. "ಮುಂದಿಡೋದು ಯಾಕೆ, ಆಮೇಲೆ ಕಳೆಯೋದು ಯಾಕಮ್ಮಾ?" ಎಂದು ನನ್ನ ಮಗಳು ತಲೆ ಚಚ್ಚಿಕೊಳ್ಳುತ್ತಾಳೆ. ಅವಳ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳಿ ತಲೆ ಚಚ್ಚಿಕೊಂಡವಳು. ಉತ್ತರ ಇನ್ನೂ ಸಿಕ್ಕಿಲ್ಲ, ಅಭ್ಯಾಸ ಮಾತ್ರ ಅಂಟಿಕೊಂಡಿದೆ.

ಇದು ಭದ್ರಾವತಿಯ ನ್ಯೂ ಟೌನಿನಲ್ಲಿ ಹತ್ತಿದ ರೋಗ. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್. ನಮ್ಮ ಸಾಲಿನ ಕ್ವಾರ್ಟರ್ಸ್‌ಗಳಲ್ಲಿ ಒಂದೇ ಒಂದು ಗಡಿಯಾರ ಸರಿಯಾದ ಸಮಯ ತೋರಿಸುತ್ತಿರಲಿಲ್ಲ. ಫಸ್ಟ್ ಶಿಫ್ಟಿಗೆ ತಡವಾಗಬಾರದೆಂದು ಎಲ್ಲರೂ ಮುಂದಿಡುವವರೇ, ಆದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹಿಂದಿನ ಮನೆಯವರದು ಐದು ನಿಮಿಷ, ಪಕ್ಕದವರದು ಕಾಲು ಗಂಟೆ, ನಮ್ಮದು ಇಪ್ಪತ್ತು. ಯಾರ ಮನೆಗೆ ಹೋದರೂ ಗಡಿಯಾರ ನೋಡಿ ಮೊದಲು "ನಿಮ್ದು ಎಷ್ಟು ಮುಂದಿದೆ?" ಎಂದು ಕೇಳಿಯೇ ನಂಬುವುದು. ಅಪ್ಪ ಬೆಳಿಗ್ಗೆ ಒಂದು ಕಣ್ಣು ಬಿಟ್ಟು ಗಡಿಯಾರ ನೋಡುತ್ತಿದ್ದರು, ಇಪ್ಪತ್ತು ಕಳೆಯುತ್ತಿದ್ದರು, "ಇನ್ನೂ ಹೊತ್ತಿದೆ" ಎಂದು ಮತ್ತೆ ಮಗ್ಗುಲಾಗುತ್ತಿದ್ದರು. ಹಾಗಾದರೆ ಮುಂದಿಟ್ಟು ಪ್ರಯೋಜನವೇನು ಬಂತು, ನೀವೇ ಹೇಳಿ. ನಾನು ಕೇಳಿದರೆ "ಅದೊಂದು ಶಿಸ್ತು ಕಣೇ" ಎನ್ನುತ್ತಿದ್ದರು.

ಅಪ್ಪ ನಿವೃತ್ತರಾದ ಮೇಲೆ ನಾವು ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡೆವು. ಗಡಿಯಾರವೂ ಇಪ್ಪತ್ತು ನಿಮಿಷ ಮುಂದಿದ್ದುಕೊಂಡೇ ನಮ್ಮ ಜೊತೆ ಬಂತು. ನಾನು ಆಗ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ವಾರದಲ್ಲಿ ಆರು ದಿನ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಮಾಡಿ, ನಿಂತೇ ಬರುವವಳಿಗೆ ಭಾನುವಾರವಾದರೂ ಸ್ವಲ್ಪ ಹೊತ್ತು ಕುಳಿತುಕೊಳ್ಳುವ ಆಸೆ. ಆ ಆಸೆಗೆ ಕಲ್ಲು ಹಾಕಿದ್ದು ರಾಣಿ ವಿಕ್ಟೋರಿಯಾ ಕಾಲದ ಒಂದು ಕೊಲೆ.

ಅಪ್ಪ ಗಾಂಧಿ ಬಜಾರಿನ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ಹೊತ್ತು ತಂದರು. ರಟ್ಟು ಹರಿದಿತ್ತು, ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಒಳಗೆ ಲಂಡನ್ನಿನ ಒಂದು ಹಳೆಯ ಕೊಲೆಯ ವಿಚಾರಣೆ, ಸಾಕ್ಷಿಗಳ ಹೇಳಿಕೆ ಸಮೇತ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆದರೆ ಕಾರ್ಖಾನೆಯ ಇಂಗ್ಲಿಷು. ಕುಲುಮೆ, ಕ್ರೇನು, ಬೇರಿಂಗು ಇದ್ದರೆ ಸರಾಗ. ಕೊಲೆಯಲ್ಲಿ ಬೇರಿಂಗು ಎಲ್ಲಿಂದ ಬರಬೇಕು? ಹಾಗಾಗಿ ಭಾನುವಾರ ತಿಂಡಿಯಾದ ಮೇಲೆ ನಾನು ಒಂದೊಂದು ಪುಟ ಓದಿ ಅಲ್ಲೇ ಕನ್ನಡದಲ್ಲಿ ಹೇಳಬೇಕೆಂದು ಅಪ್ಪಣೆಯಾಯಿತು. ಕೇಳುವವರು ಇಬ್ಬರು. ಒಬ್ಬರು ಅಪ್ಪ, ಇನ್ನೊಬ್ಬರು ಕೋಟೆಯಿಂದ ಸಿಟಿ ಬಸ್ ಹತ್ತಿ ಬರುತ್ತಿದ್ದ ಶಾಸ್ತ್ರಿ ಮೇಷ್ಟ್ರು. ಅವರು ನಿವೃತ್ತ ಸಂಸ್ಕೃತ ಪಂಡಿತರು, ತರ್ಕ ಓದಿಕೊಂಡವರು. ತರ್ಕ ಓದಿದವರನ್ನು ಭಾನುವಾರ ಮನೆಗೆ ಕರೆಯಬಾರದು ಎಂಬ ಬುದ್ಧಿ ನನಗೆ ಬಂದದ್ದು ತಡವಾಗಿ.

ಕೊಲೆಯ ಕಥೆ ಇಷ್ಟು. ಲಂಡನ್ನಿನಲ್ಲಿ ಒಬ್ಬ ಮುದುಕಿ. ಮನೆಯ ಒಂದು ಕೋಣೆಯನ್ನು ಒಬ್ಬ ಯುವಕನಿಗೆ ಬಾಡಿಗೆ ಕೊಟ್ಟಿದ್ದಳು. ಒಂದು ಚಳಿಗಾಲದ ಬೆಳಿಗ್ಗೆ ಆಕೆ ಮುಂದಿನ ಕೋಣೆಯಲ್ಲಿ ಸತ್ತು ಬಿದ್ದಿದ್ದಳು. "ನಾನು ಆರೂವರೆಗೇ ಕೆಲಸಕ್ಕೆ ಹೊರಟೆ" ಎಂದು ಬಾಡಿಗೆಯವನ ಹೇಳಿಕೆ. "ಸುಳ್ಳು, ಏಳು ಗಂಟೆಗೆ ಅವನು ಬಾಗಿಲೆಳೆದುಕೊಂಡು ಓಡುವುದನ್ನು ನಾನು ಕಂಡೆ" ಎಂದು ಹಾಲಿನವನು. "ಏಳೂ ಕಾಲಿಗೆ ಮುದುಕಿ ಜೀವಂತವಾಗಿ ಪರದೆ ಸರಿಸಿದ್ದನ್ನು ನಾನು ಕಂಡೆ" ಎಂದು ಎದುರುಮನೆಯಾಕೆ. ಹಾಲಿನವನನ್ನು ನಂಬಿದರೆ ಬಾಡಿಗೆಯವನಿಗೆ ಗಲ್ಲು, ಎದುರುಮನೆಯಾಕೆಯನ್ನು ನಂಬಿದರೆ ಬಿಡುಗಡೆ. ನ್ಯಾಯಾಲಯ ಯಾರನ್ನೂ ಪೂರ್ತಿ ನಂಬದೆ ಅವನನ್ನು ಬಿಟ್ಟಿತು. ಕೊಂದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೆ ಬಾಡಿಗೆಯವನು ಎಲ್ಲಿಗೆ ಹೋದರೂ ಜನ ಬೆರಳು ಮಾಡಿ ತೋರಿಸುತ್ತಿದ್ದರಂತೆ. ಅವನು ಮನೆ ಬದಲಾಯಿಸುತ್ತಲೇ ಸತ್ತನಂತೆ.

ಅಪ್ಪ ಮೊದಲ ದಿನವೇ ತೀರ್ಪು ಕೊಟ್ಟರು. "ಹಾಲಿನವನು ಹೇಳಿದ್ದೇ ಸರಿ. ದಿನಾ ಅದೇ ಹೊತ್ತಿಗೆ ಅದೇ ಬೀದಿಗೆ ಬರೋನು. ಟೈಮಿನ ಮನುಷ್ಯ. ಅವನಿಗ್ಯಾಕೆ ಸುಳ್ಳು ಹೇಳೋ ಕರ್ಮ?"

"ಸುಳ್ಳು ಹೇಳಿದ ಅಂತ ಯಾರು ಅಂದ್ರು ಮಾರಾಯ? ಸುಳ್ಳು ಬೇರೆ, ಭ್ರಮೆ ಬೇರೆ. ಹಗ್ಗ ಕಂಡು ಹಾವು ಅಂದವನು ಸುಳ್ಳುಗಾರನಾ?" ಎಂದರು ಶಾಸ್ತ್ರಿ ಮೇಷ್ಟ್ರು.

"ಲಂಡನ್ನಲ್ಲಿ ಎಂಥ ಹಾವು ಮೇಷ್ಟ್ರೇ?"

ಹೀಗೆ ಶುರುವಾದದ್ದು ಎಷ್ಟು ಭಾನುವಾರ ತಿಂದಿತೋ ನಾನು ಎಣಿಸಿಲ್ಲ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿಸಿದರು. ಕ್ಯಾಲೆಂಡರಿನ ಹಾಳೆಗಳ ಹಿಂದೆ ಲಂಡನ್ನಿನ ಬೀದಿಯ ನಕ್ಷೆ ಬರೆದರು. ಸಾಲದ್ದಕ್ಕೆ ಒಂದು ದಿನ ಪ್ರಯೋಗ ಮಾಡಿಯೇ ನೋಡೋಣವೆಂದು ಎದ್ದರು. ನಮ್ಮ ಬೀದಿ ಲಂಡನ್ನಿನ ಬೀದಿಯಾಯಿತು. ಹಾಲಿನ ಕ್ಯಾನು ಹಿಡಿದು ಮೂಲೆಯಿಂದ ನಡೆದು ಬರುವ ಹಾಲಿನವನು ನಾನು. ಬಾಗಿಲೆಳೆದುಕೊಂಡು ಓಡುವ ಬಾಡಿಗೆಯವರು ಶಾಸ್ತ್ರಿ ಮೇಷ್ಟ್ರು, ಪಂಚೆ ಎತ್ತಿ ಕಟ್ಟಿಕೊಂಡು. ಅಪ್ಪ ಕೈಗಡಿಯಾರ ಹಿಡಿದು ರಸ್ತೆ ಮಧ್ಯೆ. ನಮ್ಮ ನಿಜವಾದ ಎದುರುಮನೆಯಾಕೆ ಕಿಟಕಿಯಿಂದ ನೋಡಿ, ಸೋಮವಾರ ಬಸ್‌ಸ್ಟಾಪಿನಲ್ಲಿ "ಮನೇಲಿ ಎಲ್ಲಾ ಹುಷಾರಾಗಿದಾರಾ?" ಎಂದು ನನ್ನನ್ನು ಮೆತ್ತಗೆ ವಿಚಾರಿಸಿದರು. ಪರದೆ ಸರಿಸಲು ಕರೆದಾಗ ಅಮ್ಮ ಸೌಟು ಹಿಡಿದೇ ಬಂದರು.

"ಸತ್ತವಳ ಪಾರ್ಟು ನನಗೇ ಯಾಕೆ? ಬೇರೆ ಯಾರೂ ಸಿಗಲಿಲ್ವಾ?"

"ಇನ್ನೂ ಸತ್ತಿಲ್ಲ ಕಣೇ, ಪರದೆ ಸರಿಸೋವಾಗ ಬದುಕಿರ್ತೀಯ."

"ಒಲೆ ಮೇಲೆ ಹುಳಿ ಉಕ್ತಿದೆ. ಬದುಕೋಕೆ ನನಗೆ ಪುರುಸೊತ್ತಿಲ್ಲ" ಎಂದು ಅಮ್ಮ ಪರದೆಯನ್ನು ಒಂದೇ ಏಟಿಗೆ ಎಳೆದು ಒಳಗೆ ಹೋದರು. ಪರದೆಯ ಕಂಬಿ ಕಳಚಿ ಬಿತ್ತು. ಅದನ್ನು ಸಿಕ್ಕಿಸಿದ್ದೂ ನಾನೇ.

ನನಗೆ ರೇಗುತ್ತಿದ್ದದ್ದು ಬರೀ ಭಾನುವಾರ ಹಾಳಾಯಿತೆಂದಲ್ಲ. ಅಪ್ಪ ಹಾಲಿನವನಿಗೆ ಯಾಕಿಷ್ಟು ಜೋತುಬಿದ್ದಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪನೂ ಒಮ್ಮೆ ಹಾಲಿನವನಾಗಿದ್ದರು.

ತೊಂಬತ್ತರ ದಶಕ ಶುರುವಾಗುವಾಗಿನ ಮಾತು. ನ್ಯೂ ಟೌನಿನ ನಮ್ಮ ಸಾಲಿನವರು ಸೇರಿ ಒಂದು ನಾಟಕ ಸಂಘ ಕಟ್ಟಿದ್ದರು. ನಮ್ಮ ಮನೆಯ ಕಿಟಕಿಗೆ ನೇರ ಎದುರಿಗೆ ಸಂಘದ ಕೋಣೆ. ಹಿಂದಿನ ಮನೆಯ ಆರುಮುಗಂ ಅದರ ಜೀವ. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು, ಸಂಘದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅಪ್ಪನಿಗೂ ಅವರಿಗೂ ಹದಿನಾರು ವರ್ಷದ ಗೆಳೆತನ. ಅವರ ಹೆಂಡತಿ ಸೆಲ್ವಿ ನಮ್ಮಮ್ಮನಿಂದ ಮಜ್ಜಿಗೆ ತೆಗೆದುಕೊಂಡು ಹೋಗಿ ಪಾತ್ರೆ ತುಂಬ ಇಡ್ಲಿ ಹಾಕಿ ವಾಪಸ್ಸು ಕಳಿಸುತ್ತಿದ್ದರು. ನಾನು ತಮಿಳು ಕಲಿತದ್ದು ಅವರ ಕಟ್ಟೆಯ ಮೇಲೆ ಕುಳಿತು.

ಒಂದು ಭಾನುವಾರ ಸಂಘದ ಹಾರ್ಮೋನಿಯಂ ಮಾಯವಾಯಿತು. ಐದು ಗಂಟೆಗೆ ತಾಲೀಮು ಮುಗಿದಾಗ ಇತ್ತು. ಐದೂ ಇಪ್ಪತ್ತಕ್ಕೆ ಕಾರ್ಯದರ್ಶಿ ಬೀಗ ಹಾಕಲು ಬಂದಾಗ ಇರಲಿಲ್ಲ. ಅವರು ಬೀಗವನ್ನೂ ಮರೆತು ಹುಡುಕಿಕೊಂಡು ಓಡಿದ್ದರು. ಆರುಮುಗಂ ಅವತ್ತು ತಾಲೀಮಿಗೆ ಹೋಗಿರಲಿಲ್ಲ. "ನಾನು ಸಂತೆಯಿಂದ ಬಂದು ಐದೂವರೆಗೆ ಕೋಣೆಗೆ ಹೋದೆ. ಸೆಲ್ವಿ ಹೊಲಿಯಬೇಕಿದ್ದ ನಾಟಕದ ಬಟ್ಟೆ ಗಂಟು ತಂದೆ. ಅಷ್ಟು ಹೊತ್ತಿಗಾಗಲೇ ಹಾರ್ಮೋನಿಯಂ ಇರಲಿಲ್ಲ" ಎಂದರು. ಸಂಘದ ಸಭೆಯಲ್ಲಿ ನಮ್ಮಪ್ಪ ಎದ್ದು ನಿಂತು, ಆರುಮುಗಂ ಗಂಟು ಹೊತ್ತು ಹೊರಬಂದದ್ದು ಐದೂ ಹತ್ತಕ್ಕೆ, ತಾನು ಕಿಟಕಿಯಿಂದ ನೋಡಿದ್ದೇನೆ ಎಂದರು. ಅಪ್ಪನ ಟೈಮಿನ ಮೇಲೆ ಇಡೀ ನ್ಯೂ ಟೌನಿಗೆ ನಂಬಿಕೆ, ಹಾಗಾಗಿ ಹಾರ್ಮೋನಿಯಂ ಆ ಗಂಟಿನೊಳಗೇ ಹೋಯಿತೆಂದು ತೀರ್ಮಾನವಾಯಿತು. ಆರುಮುಗಂ ಹೆಸರನ್ನು ಸಂಘದಿಂದ ತೆಗೆದುಹಾಕಿದರು. ಹಾರ್ಮೋನಿಯಂ ಸಿಗಲೇ ಇಲ್ಲ. ಮರುದಿನದಿಂದ ಮಜ್ಜಿಗೆಗೆ ಯಾರೂ ಬರಲಿಲ್ಲ. ಅವರ ಬಾಗಿಲಿಗೂ ನಮ್ಮ ಹಿಂದಿನ ಬಾಗಿಲಿಗೂ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನಾವು ಬಿಟ್ಟು ಬರುವವರೆಗೂ ಯಾರೂ ದಾಟಲಿಲ್ಲ. ನನಗೆ ಆ ಇಡ್ಲಿ ತಪ್ಪಿದ ಸಂಕಟ ಇವತ್ತಿಗೂ ಇದೆ ಎಂದರೆ ನನ್ನ ಯೋಗ್ಯತೆ ನೀವೇ ಅಳೆಯಬಹುದು.

ಈಗ ಹೇಳಿ, ಇಂಥ ಅಪ್ಪ ಎದುರುಮನೆಯಾಕೆಯನ್ನು ನಂಬುವುದು ಸಾಧ್ಯವೇ? ಲಂಡನ್ನಿನ ಹಾಲಿನವನು ಸೋತರೆ ನ್ಯೂ ಟೌನಿನ ಫೋರ್‌ಮನ್ನೂ ಸೋತಂತೆ. ಆ ಭಯ ಅವರನ್ನು ಕಚ್ಚುತ್ತಿತ್ತು. ಕಚ್ಚಿದಷ್ಟೂ ಪುಸ್ತಕ ಮತ್ತೆ ಓದಿಸುತ್ತಿದ್ದರು.

ನಾಲ್ಕನೆಯ ಸಲದ ಓದು ಶುರುವಾದ ಭಾನುವಾರ ನನ್ನ ತಾಳ್ಮೆ ತಳ ಮುಟ್ಟಿತ್ತು. ಶಾಸ್ತ್ರಿ ಮೇಷ್ಟ್ರು ಮೂರನೆಯ ಕಾಫಿ ಕೇಳಿ, "ನೋಡು ಮಾರಾಯ, ಹಾಲಿನವನು ಅವನನ್ನ ಕಂಡಿದ್ದು ನಿಜ ಅಂತಲೇ ಇಟ್ಕೋ. ಆದರೆ ಏಳು ಗಂಟೆ ಅಂತ ಅವನಿಗೆ ಹೇಳಿದ್ಯಾರು? ಕಂಡಿದ್ದು ಮನುಷ್ಯನನ್ನ. ಗಂಟೆಯನ್ನ ಕಂಡ್ನಾ?" ಎಂದರು.

ಅಪ್ಪ ಸಿಟ್ಟಿಗೆದ್ದರು. "ಗಂಟೆಯನ್ನೂ ಕಾಣ್ತಾರೆ ಮೇಷ್ಟ್ರೇ! ನಾನು ಕಾಣ್ಲಿಲ್ವಾ? ಆರುಮುಗಂ ಹೊರಗೆ ಬಂದ. ತಿರುಗಿ ಈ ಗಡಿಯಾರವನ್ನೇ ನೋಡಿದೆ. ಸರಿಯಾಗಿ ಐದೂವರೆ ತೋರಿಸ್ತಿತ್ತು. ಇಪ್ಪತ್ತು ಕಳೆದೆ. ಐದೂ ಹತ್ತು. ಇದರಲ್ಲಿ ಎಂಥ ಭ್ರಮೆ?"

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದರು.

"ರೀ, ಅವತ್ತು ಈ ಗಡಿಯಾರ ನೋಡಿ ಹೇಳಿದ್ರಾ?"

"ಮತ್ತೆ? ರಜಾ ದಿನ ನಾನು ಕೈಗಡಿಯಾರ ಕಟ್ತೀನಾ?"

"ಅವತ್ತು ನಿಮ್ಮಕ್ಕ ಊರಿಗೆ ಹೊರಟಿದ್ರಲ್ಲ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರಲ್ಲಿ ಹೊಸಲು ದಾಟಬೇಕು ಅಂತ ಅವರ ಹಟ. ಕಳೆಯೋ ಲೆಕ್ಕ ಎಲ್ಲಾ ನನಗಾಗಲ್ಲ, ಗಡಿಯಾರ ಸರಿ ಮಾಡು ಅಂದ್ರು. ಬೆಳಿಗ್ಗೆ ರೇಡಿಯೋದವರು ಟೈಮ್ ಹೇಳಿದಾಗ ಸರಿ ಮಾಡಿದ್ದೆ. ಮಾರನೇ ದಿನ ನಿಮ್ಮ ಫಸ್ಟ್ ಶಿಫ್ಟು ಅಂತ, ಮಲಗೋ ಮುಂಚೆ ಮತ್ತೆ ಮುಂದಿಟ್ಟೆ." ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಆ ಸಂಜೆ ಅದು ಐದೂವರೆ ತೋರಿಸಿದ್ರೆ, ಐದೂವರೇನೇ ರೀ."

ಮೂವರೂ ತಲೆಯೆತ್ತಿ ಗೋಡೆ ನೋಡಿದೆವು. ಗಡಿಯಾರ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿತ್ತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದರು ಅಪ್ಪ.

"ಕೇಳಿದ್ರಾ? ಆ ದಿನ ಸಭೆಯಿಂದ ಬಂದಾಗ ಏನಾಯ್ತು ಅಂದೆ. ಸಂಘದ ವಿಷಯ ನಿನಗ್ಯಾಕೆ ಅಂದ್ರಿ. ನೀವು ಕೈಗಡಿಯಾರ ನೋಡಿ ಹೇಳಿರ್ತೀರಿ ಅಂದ್ಕೊಂಡೆ. ಸೆಲ್ವಿ ಮಜ್ಜಿಗೆಗೆ ಬರೋದು ಬಿಟ್ಟಾಗ ನಾನೆಷ್ಟು ದಿನ ಹಿಂದಿನ ಬಾಗಿಲು ತೆಗೆದಿಟ್ಕೊಂಡು ಕೂತಿದ್ದೆ, ಅದನ್ನೂ ನೀವು ಕೇಳ್ಲಿಲ್ಲ."

ನನ್ನ ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. ಮೂರು ಸಲ ಓದುವಾಗಲೂ ನಾನು ಸರಸರನೆ ದಾಟಿ ಹೋಗಿದ್ದ ಒಂದು ಸಾಲು ಅದರಲ್ಲಿತ್ತು. ಕೊಲೆಯಾದ ಹೊತ್ತಿನಲ್ಲಿ ಮನೆಯ ಅಡುಗೆಯವಳು ಕೆಳಗೆ ಅಡುಗೆಮನೆಯಲ್ಲಿದ್ದಳು, ಆಕೆಯನ್ನು ವಿಚಾರಿಸುವ ಅಗತ್ಯ ಕಾಣಲಿಲ್ಲ, ಎಂದು. ಆ ಸಾಲನ್ನು ಗಟ್ಟಿಯಾಗಿ ಓದುವ ಧೈರ್ಯ ನನಗೆ ಬರಲಿಲ್ಲ. ನಾನೂ ತಪ್ಪಿತಸ್ಥಳೇ. ಅಷ್ಟು ಭಾನುವಾರಗಳಲ್ಲಿ ಅಮ್ಮನನ್ನು ಕಾಫಿ ಬಿಟ್ಟು ಬೇರೇನನ್ನೂ ಕೇಳಿದವಳಲ್ಲ. ಶಾಸ್ತ್ರಿ ಮೇಷ್ಟ್ರು ತಾವೇ ಗೆದ್ದರೂ ಗೆದ್ದೆನೆನ್ನದೆ, ಚಪ್ಪಲಿ ಮೆಟ್ಟಿಕೊಂಡು, ಕಾಫಿ ಕುಡಿಯದೆ ಹೊರಟುಹೋದರು. ಅವರು ಕಾಫಿ ಬಿಟ್ಟು ಹೋದದ್ದು ಅದೊಂದೇ ದಿನ.

ಮರುದಿನ ಅಪ್ಪ ನನ್ನ ಜೊತೆಗೇ ಭದ್ರಾವತಿ ಬಸ್ ಹತ್ತಿದರು. ನಾನು ಅರ್ಧ ದಿನ ರಜೆ ಹಾಕಿದೆ. ಆರುಮುಗಂ ನಿವೃತ್ತರಾಗಿ ನ್ಯೂ ಟೌನಿನ ಅಂಚಿನಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದಾರೆಂದಷ್ಟೇ ಗೊತ್ತು. ಒಂದು ಟೀ ಅಂಗಡಿಯಲ್ಲಿ ವಿಚಾರಿಸಿದೆವು.

"ಯಾವ ಆರುಮುಗಂ? ಹಾರ್ಮೋನಿಯಂ ಆರುಮುಗಮ್ಮಾ?" ಎಂದರು ಅಂಗಡಿಯವರು.

ಅಪ್ಪನ ಮುಖ ಕಪ್ಪಿಟ್ಟಿತು. "ಆ ಹೆಸರು ಯಾಕೆ?"

"ಯಾವಾಗ್ಲೋ ಸಂಘದ ಹಾರ್ಮೋನಿಯಂ ಹೊಡೆದ್ರಂತೆ ಸಾರ್. ನಾವು ಆಗ ಇಲ್ಲಿರಲಿಲ್ಲ. ಕಣ್ಣಾರೆ ನೋಡಿದವರಿದ್ದಾರಂತೆ."

"ಆ ನೋಡಿದವನು ನಾನೇ" ಎಂದರು ಅಪ್ಪ.

"ಹಾಗಾದ್ರೆ ಸರಿ ಬಿಡಿ. ನೀವೇ ನೋಡಿದೀರಲ್ಲ, ಇನ್ನೇನು!"

ಅಪ್ಪ ಬೆಂಚಿನ ಮೇಲೆ ಕುಳಿತು ಗಡಿಯಾರ, ರಾಹುಕಾಲ, ಇಪ್ಪತ್ತು ನಿಮಿಷ ಎಲ್ಲವನ್ನೂ ಬಿಡಿಸಿ ಹೇಳಿದರು. ಟೀ ಕುಡಿಯುತ್ತಿದ್ದ ಇನ್ನಿಬ್ಬರು ಹಳಬರೂ ಕಿವಿಗೊಟ್ಟು ಕೇಳಿದರು. ಒಬ್ಬರು, ಕಳುವಾದದ್ದು ಹಾರ್ಮೋನಿಯಂ ಅಲ್ಲ, ತಬಲಾ ಎಂದರು. ಇನ್ನೊಬ್ಬರು ಅದು ಭಾನುವಾರವಲ್ಲ, ದೀಪಾವಳಿಯ ಮಾರನೆಯ ದಿನ, ತಾನೇ ಇದ್ದೆ ಎಂದರು. ಇಬ್ಬರಿಗೂ ಜಗಳ ಹತ್ತಿತು. ಅಂಗಡಿಯವರು ಗ್ಲಾಸು ತೊಳೆಯುತ್ತಾ, "ಅದೆಲ್ಲಾ ಇರ್ಲಿ ಸಾರ್, ಬಟ್ಟೆ ಗಂಟು ಹೊತ್ಕೊಂಡು ಬಂದಿದ್ದು ನೋಡಿದ್ರಿ ತಾನೇ?" ಎಂದರು. ನನಗೆ ಅಲ್ಲೇ ಕುಳಿತು ಅಳಬೇಕೆನಿಸಿತು. ಒಂದು ಮಾತನ್ನು ಊರೊಳಗೆ ಬಿಡಲು ಅಪ್ಪನಿಗೆ ಒಂದು ನಿಮಿಷ ಸಾಕಾಗಿತ್ತು. ವಾಪಸ್ಸು ತೆಗೆದುಕೊಳ್ಳಲು ಎರಡು ಟೀ ಮುಗಿದರೂ ಆಗಲಿಲ್ಲ.

ಆರುಮುಗಂ ಬಾಗಿಲಲ್ಲೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ವಾಂಗ ಸಾರ್" ಎಂದು ಹಳೆಯ ಸಲಿಗೆಯ ತಮಿಳು ಬಾಯಿಗೆ ಬಂದದ್ದನ್ನು ತಡೆದು, "ಬನ್ನಿ" ಎಂದರು. ಸೆಲ್ವಿ ನನ್ನ ಕೈ ಹಿಡಿದು, ಏನೂ ಕೇಳದೆ ಒಳಗೆ ಕಾಫಿಗಿಡಲು ಹೋದರು. ಅಪ್ಪ ಕುಳಿತುಕೊಳ್ಳದೆ ನಿಂತೇ ಎಲ್ಲ ಹೇಳಿದರು, ಸಂಘದ ಸಭೆಯಲ್ಲಿ ನಿಂತು ಹೇಳಿದಂತೆಯೇ. ಗಡಿಯಾರ ಸರಿ ಇತ್ತು, ತಾನು ಸುಮ್ಮನೆ ಕಳೆದೆ, ತನ್ನದೇ ತಪ್ಪು, ಎಂದು.

ಆರುಮುಗಂ ಕೊನೆಯವರೆಗೂ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು. "ಗಡಿಯಾರದ ವಿಷಯ ನನಗೆ ಗೊತ್ತಿರಲಿಲ್ಲ ಸಾರ್. ಗೊತ್ತಿದ್ರೂ ನನ್ನ ನೋವು ಕಮ್ಮಿ ಆಗ್ತಿರಲಿಲ್ಲ. ನೀವು ಗಡಿಯಾರ ನೋಡಿದ್ದು ಒಂದು ಸಲ. ನನ್ನನ್ನ ಹದಿನಾರು ವರ್ಷ ನೋಡಿದ್ರಿ. ಆದ್ರೆ ಸಭೇಲಿ ಆ ಗಡಿಯಾರವನ್ನೇ ನಂಬಿ ಮಾತಾಡಿದ್ರಿ."

ಸೆಲ್ವಿ ಕಾಫಿ ತಂದು ಇಬ್ಬರ ಮಧ್ಯೆ ಇಟ್ಟರು. ಆರುಮುಗಂ ಲೋಟವನ್ನು ಅಪ್ಪನ ಕಡೆಗೆ ಸರಿಸಿ, "ಕುಡೀರಿ, ಆರೋಗತ್ತೆ" ಎಂದರು. ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ. ಅಪ್ಪನೂ ಅದನ್ನು ಕೇಳುವಷ್ಟು ದಡ್ಡತನ ಮಾಡಲಿಲ್ಲ.

ಲಂಡನ್ನಿನ ಪುಸ್ತಕ ಅಲ್ಲಿಗೆ ಕಪಾಟು ಸೇರಿತು. ಮುಂದಿನ ಭಾನುವಾರಗಳಲ್ಲಿ ಅಪ್ಪ ತಿಂಡಿ ಮುಗಿಸಿ ನ್ಯೂ ಟೌನಿಗೆ ಹೋಗುತ್ತಿದ್ದರು. ಅದೇ ಟೀ ಅಂಗಡಿಯಲ್ಲಿ ಕುಳಿತು, ಕೇಳುವವರಿಗೂ ಕೇಳದವರಿಗೂ ತನ್ನ ಹೇಳಿಕೆಯನ್ನು ತಿದ್ದಿ ಹೇಳಿ ಬರುತ್ತಿದ್ದರು. ಸಂಘ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹೇಳಲು ಬೇರೆ ಜಾಗ ಇರಲಿಲ್ಲ. ಅರ್ಧ ಜನ ನಂಬಿದರು, ಅರ್ಧ ಜನ ಮುದುಕನಿಗೆ ಅರಳುಮರಳು ಎಂದರು. ನನಗೆ ಭಾನುವಾರ ಕುಳಿತುಕೊಳ್ಳಲು ಸಿಕ್ಕಿತು. ಕುಳಿತರೆ ಮಾತ್ರ ಮನಸ್ಸು ಆ ಟೀ ಅಂಗಡಿಯ ಬೆಂಚಿಗೇ ಹೋಗುತ್ತಿತ್ತು.

ಗಡಿಯಾರವನ್ನು ಅಪ್ಪ ಸರಿ ಮಾಡಲಿಲ್ಲ, ಮುಂದೆಯೇ ಬಿಟ್ಟರು. ಆದರೆ ಅದರ ಎದುರಿಗೇ ಕುಳಿತು, ಅಡುಗೆಮನೆಯ ಕಡೆ ತಿರುಗಿ "ಈಗ ಟೈಮೆಷ್ಟೇ?" ಎಂದು ಅಮ್ಮನನ್ನು ಕೇಳುವ ಹೊಸ ಅಭ್ಯಾಸ ಹಚ್ಚಿಕೊಂಡರು. ದಿನಕ್ಕೆ ಹತ್ತು ಸಲ. ಒಂದು ದಿನ ಅಮ್ಮನಿಗೆ ರೇಗಿಹೋಯಿತು.

"ಮೂಗಿನ ಮುಂದೇನೇ ನೇತಾಡ್ತಿದೆ. ಕಣ್ಣು ಕಾಣಲ್ವಾ ನಿಮಗೆ?"

"ಕಾಣತ್ತೆ ಕಣೇ," ಎಂದರು ಅಪ್ಪ. "ಅದಕ್ಕೇ ನಿನ್ನ ಕೇಳ್ತಿರೋದು."